ಓಕ್ ಮರದೊಳಗಿನ ವೆನಿಲ್ಲಾ

ಹೊಗೆ ವಾಸನೆಯ ವಿಸ್ಕಿ ನನಗೆ ಯಾವತ್ತೂ ಕಷ್ಟವಾಗಲಿಲ್ಲ. ಕೆಲಸದ ಮೇಲೆ ಸ್ಕಾಟ್ಲೆಂಡಿಗೆ ಹೋದ ಹೊಸತರಲ್ಲಿ ಸಹೋದ್ಯೋಗಿಯೊಬ್ಬ ಐಲಾ ದ್ವೀಪದ ಒಂದು ಮಾಲ್ಟನ್ನು ಗ್ಲಾಸಿಗೆ ಹಾಕಿಕೊಟ್ಟು, ಇವನ ಮುಖ ಹೇಗೆ ಕಿವುಚುತ್ತದೆ ನೋಡೋಣ ಎಂದು ಎದುರಿಗೇ ಕೂತಿದ್ದ. ಮೂಗಿನ ಹತ್ತಿರ ತಂದದ್ದೇ ನನಗೆ ನಗು ಬಂತು. ಅದು ನಮ್ಮೂರ ಬಚ್ಚಲುಮನೆಯ ವಾಸನೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಹೊತ್ತದೆ ಬರೀ ಹೊಗೆಯಾಡುವ ಒಲೆ, ಅದರ ಮೇಲೆ ತಾಮ್ರದ ಹಂಡೆ, ಮೇಲಿನ ತಂತಿಯಲ್ಲಿ ಮೂರು ದಿನವಾದರೂ ಒಣಗದ ಪಂಚೆ. ಶಿರಸಿ ಸೀಮೆಯಲ್ಲಿ ಹುಟ್ಟಿದವನಿಗೆ ಪೀಟ್ ಹೊಗೆಯನ್ನು ಯಾರೂ ಹೊಸದಾಗಿ ಪರಿಚಯಿಸಬೇಕಾಗಿಲ್ಲ.

ಕಷ್ಟವಾದದ್ದು ಹಗುರವಾದ ವಿಸ್ಕಿ. ಹೊಗೆಯಿಲ್ಲ, ಶೆರ್ರಿ ಪೀಪಾಯಿಯಿಂದ ಬರುವ ಒಣದ್ರಾಕ್ಷಿಯ ದಪ್ಪ ಸಿಹಿಯಿಲ್ಲ, ಬಣ್ಣವೂ ತೆಳು ಜೇನಿನದ್ದು. ಅಂಥದ್ದೊಂದನ್ನು ಮೊದಲ ಸಲ ಮೂಸಿದಾಗ ಹೇಳುವುದಕ್ಕೆ ಏನೂ ತೋಚಲಿಲ್ಲ. ‘ಚೆನ್ನಾಗಿದೆ’ ಎಂದೆ. ಚೆನ್ನಾಗಿದೆ ಎನ್ನುವುದು ಮದುವೆ ಮನೆಯಲ್ಲಿ ಬಡಿಸುವವರಿಗೆ ಹೇಳುವ ಮಾತು. ಅದರಿಂದ ಅಡುಗೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ಹಗುರ ಎಂಬ ಶಬ್ದವೇ ನಮ್ಮಲ್ಲಿ ಸ್ವಲ್ಪ ಅವಮಾನಕ್ಕೊಳಗಾದದ್ದು. ಹಗುರವಾಗಿ ಮಾತಾಡಬೇಡ ಅನ್ನುತ್ತೇವೆ, ನಾಲ್ಕು ಜನರೆದುರು ಹಗುರವಾದೆ ಅನ್ನುತ್ತೇವೆ. ತೂಕವಿಲ್ಲದ್ದಕ್ಕೆ ಬೆಲೆಯೂ ಇಲ್ಲ ಎಂಬ ಲೆಕ್ಕ. ಆದರೆ ನಮ್ಮ ಕಡೆಯ ತೊಡೆದೇವು ನೋಡಿದವರಿಗೆ ಈ ಲೆಕ್ಕ ತಪ್ಪು ಎಂದು ಗೊತ್ತಿರುತ್ತದೆ. ಕಬ್ಬಿನ ಹಾಲಿಗೆ ಅಕ್ಕಿ ಹಿಟ್ಟು ಕದಡಿ, ಬೋರಲು ಹಾಕಿ ಕಾಯಿಸಿದ ಮಡಕೆಯ ಮೇಲೆ ಬಟ್ಟೆಯಿಂದ ಒಂದು ಸಲ ತೊಡೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸಿ ತೆಗೆಯುವ ಸಿಹಿ ಅದು. ಮೈಸೂರುಪಾಕನ್ನು ಕಲಿತವರು ಹತ್ತು ಮನೆಯಲ್ಲಿ ಸಿಗಬಹುದು, ತೊಡೆದೇವು ಎಬ್ಬಿಸುವವರು ಊರಿಗೊಬ್ಬರು. ಹಗುರವಾಗಿರುವುದಕ್ಕೆ ಬಹಳ ಶ್ರಮ ಬೇಕು. ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಟೇನ್ ಎಂಬ ಪುಟ್ಟ ಊರಿನಲ್ಲಿ.

ಇನ್ವರ್ನೆಸ್‌ನಿಂದ ಉತ್ತರಕ್ಕೆ ಹೋಗುವ ರೈಲು ಸಮುದ್ರದ ಅಂಚಿನಲ್ಲೇ ಸಾಗಿ ಟೇನ್ ತಲುಪುತ್ತದೆ. ಊರಿನಿಂದ ಸ್ವಲ್ಪ ದೂರದಲ್ಲಿ, ಡೋರ್ನೋಕ್ ಕೊಲ್ಲಿಯ ದಂಡೆಯಲ್ಲಿ, ಗ್ಲೆನ್‌ಮೊರಂಜಿ ಭಟ್ಟಿ ಇದೆ. ಹೆಸರನ್ನು ನಾವು ಹೇಗೆ ಹೇಗೋ ಎಳೆದು ಓದುತ್ತೇವೆ. ಅಲ್ಲಿಯವರು ‘ಮೊ’ಕ್ಕೆ ಒತ್ತು ಕೊಟ್ಟು, ಆರೆಂಜಿಗೆ ಪ್ರಾಸವಾಗುವ ಹಾಗೆ ಹೇಳುತ್ತಾರೆ. 1843ರಲ್ಲಿ ವಿಲಿಯಂ ಮ್ಯಾಥೆಸನ್ ಎಂಬಾತ ಶುರುಮಾಡಿದ್ದು. ಹೊಸ ಭಟ್ಟಿಪಾತ್ರೆ ಕೊಳ್ಳುವಷ್ಟು ಹಣವಿಲ್ಲದೆ ಜಿನ್ ತಯಾರಿಸುವವರಿಂದ ಹಳೆಯವನ್ನು ತಂದು ಕೂರಿಸಿದನಂತೆ. ಆ ಪಾತ್ರೆಗಳ ಕತ್ತು ವಿಪರೀತ ಉದ್ದ. ಅಂದಿನಿಂದ ಇಂದಿನವರೆಗೆ ಪಾತ್ರೆ ಬದಲಾಯಿಸಿದಾಗಲೆಲ್ಲ ಅದೇ ಆಕಾರವನ್ನು ಉಳಿಸಿಕೊಂಡು ಬಂದಿದ್ದಾರೆ. ಈಗಿನವುಗಳ ಕತ್ತು 5 ಮೀಟರಿಗೂ ಹೆಚ್ಚು. ಸ್ಕಾಟ್ಲೆಂಡಿನಲ್ಲೇ ಅತಿ ಎತ್ತರದವು. ಬೆಳೆದ ಜಿರಾಫೆಯಷ್ಟು ಎತ್ತರ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಆ ಕೋಣೆಯಲ್ಲಿ ನಿಂತರೆ ಸೆಖೆ, ತಾಮ್ರದ ಹೊಳಪು, ಹುಳಿ ಬಂದ ದೋಸೆ ಹಿಟ್ಟಿನಂಥ ವಾಸನೆ. ಒಳಗೆ ನಡೆಯುವ ವಿದ್ಯೆ ಸರಳ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ, ಬಿಸಿನೀರಿನಲ್ಲಿ ಅದರ ಸಿಹಿಯನ್ನು ಇಳಿಸಿ, ಹುದುಗು ಬರಿಸಿ, ಕಾಯಿಸುತ್ತಾರೆ. ಆವಿ ಮೇಲೇರುತ್ತದೆ. ಕತ್ತು ಗಿಡ್ಡವಾಗಿದ್ದರೆ ಎಣ್ಣೆಯಂಶದ ಭಾರದ ವಾಸನೆಗಳೂ ಜೊತೆಗೇ ಹತ್ತಿ ಆಚೆ ಬೀಳುತ್ತವೆ. ಕತ್ತು ಉದ್ದವಿದ್ದರೆ ಅವು ಅರ್ಧ ದಾರಿಯಲ್ಲಿ ತಾಮ್ರಕ್ಕೆ ತಾಗಿ, ತಣಿದು, ಮತ್ತೆ ಹಂಡೆಗೇ ಜಾರುತ್ತವೆ. ಮತ್ತೆ ಏರುತ್ತವೆ, ಮತ್ತೆ ಜಾರುತ್ತವೆ. ತಾಮ್ರ ಗಂಧಕದ ಕೊಳಕು ವಾಸನೆಯನ್ನೂ ಹೀರಿಕೊಳ್ಳುತ್ತದೆ. ಅಷ್ಟೆತ್ತರ ಹತ್ತಿ ಆಚೆ ದಾಟುವುದು ಹೂವು ಹಣ್ಣುಗಳ ವಾಸನೆಯ ತೆಳು ಆವಿ ಮಾತ್ರ. ಗ್ಲಾಸಿನಲ್ಲಿ ನಾನು ಏನೂ ಇಲ್ಲ ಅಂದುಕೊಂಡಿದ್ದೆನಲ್ಲ, ಆ ‘ಏನೂ ಇಲ್ಲ’ದ ಹಿಂದೆ ಇಷ್ಟು ಹತ್ತಿಳಿಯುವ ಕೆಲಸವಿದೆ.

ಹೀಗೆ ಇಳಿದ ದ್ರವ ನೀರಿನಷ್ಟೇ ತಿಳಿ. ಕಾನೂನಿನ ಪ್ರಕಾರ ಅದಿನ್ನೂ ಸ್ಕಾಚ್ ಅಲ್ಲ. ಸ್ಕಾಟ್ಲೆಂಡಿನ ನೆಲದಲ್ಲೇ ಓಕ್ ಪೀಪಾಯಿಯೊಳಗೆ ಕನಿಷ್ಠ 3 ವರ್ಷ ಕಳೆದ ಮೇಲಷ್ಟೇ ಆ ಹೆಸರು. ನಾನು ಹೇಳುತ್ತಿರುವ ವಿಸ್ಕಿ 10 ವರ್ಷ ಕಳೆದದ್ದು. ಈಗೀಗ ಅದನ್ನೇ 12 ವರ್ಷಕ್ಕೆ ಏರಿಸಿದ್ದಾರೆ. ಆ ಪೀಪಾಯಿಗಳು ಬರುವುದು ಅಮೆರಿಕದಿಂದ. ಅಲ್ಲಿಯ ಬರ್ಬನ್ ವಿಸ್ಕಿಗೆ ಒಂದು ಕಟ್ಟಳೆಯಿದೆ: ಒಳಗೋಡೆಯನ್ನು ಬೆಂಕಿಯಲ್ಲಿ ಸುಟ್ಟ ಹೊಚ್ಚ ಹೊಸ ಓಕ್ ಪೀಪಾಯಿಯಲ್ಲೇ ಅದನ್ನು ಇಡಬೇಕು. ಒಮ್ಮೆ ಬಳಸಿದ್ದನ್ನು ಇನ್ನೊಮ್ಮೆ ಬರ್ಬನ್ನಿಗೆ ಬಳಸುವ ಹಾಗಿಲ್ಲ. ಹಾಗಾಗಿ ಸುಮಾರು 200 ಲೀಟರ್ ಹಿಡಿಯುವ, ಇನ್ನೂ ದಶಕಗಟ್ಟಲೆ ಬಾಳುವ ಪೀಪಾಯಿಗಳು ಕೆಲವೇ ವರ್ಷಗಳಲ್ಲಿ ಅಲ್ಲಿ ಬೇಡವಾಗುತ್ತವೆ, ಹಡಗು ಹತ್ತಿ ಸ್ಕಾಟ್ಲೆಂಡಿಗೆ ಬರುತ್ತವೆ.

ಇನ್ನೊಬ್ಬರು ಬಳಸಿ ಬಿಟ್ಟದ್ದು ಎಂದರೆ ಎರಡನೇ ದರ್ಜೆಯದ್ದು ಎಂದು ಅನ್ನಿಸಬಹುದು. ನಮ್ಮ ಅಡುಗೆಮನೆಗೆ ಇದು ಹೊಸ ವಿಚಾರವೇನಲ್ಲ. ಹೊಸ ಮಡಕೆಯನ್ನು ತಂದ ದಿನವೇ ಯಾರೂ ಸಾರು ಮಾಡುವುದಿಲ್ಲ. ಗಂಜಿ ಕಾಯಿಸಿ, ತೌಡು ಹಾಕಿ, ನಾಲ್ಕು ದಿನ ನೀರು ನಿಲ್ಲಿಸಿ ಪಳಗಿಸುತ್ತಾರೆ. ಹೊಸ ಓಕ್ ಮರದ ಒಗರು, ಕರಿದ ಮರದ ಖಾರ, ಎಲ್ಲವೂ ಜೋರು. ಬರ್ಬನ್ ಅದನ್ನು ತಡೆದುಕೊಳ್ಳುತ್ತದೆ. ಎತ್ತರದ ಕತ್ತು ದಾಟಿ ಬಂದ ನಾಜೂಕಿನ ದ್ರವವನ್ನು ಅದು ಮುಳುಗಿಸಿಬಿಡುತ್ತದೆ. ಮೊದಲ ಆರ್ಭಟವನ್ನೆಲ್ಲ ಬರ್ಬನ್ ಹೀರಿಕೊಂಡ ಮೇಲೆ ಮರದಲ್ಲಿ ಉಳಿಯುವುದು ನಿಧಾನದ ಸ್ವಭಾವ. ಅದು ಹತ್ತು ವರ್ಷ ಮೆಲ್ಲಗೆ ಕೊಡುತ್ತಾ ಹೋಗುತ್ತದೆ. ಅಮೆರಿಕ ಇಲ್ಲಿ ವಿಸ್ಕಿಯನ್ನು ಕೊಟ್ಟಿಲ್ಲ, ಮಡಕೆಯನ್ನು ಪಳಗಿಸಿ ಕೊಟ್ಟಿದೆ ಅಷ್ಟೆ.

ಇಷ್ಟೆಲ್ಲ ತಿಳಿದುಕೊಂಡು, ಒಂದು ಬಾಟಲಿ ತಂದು, ಒಂದು ಭಾನುವಾರ ಮಧ್ಯಾಹ್ನ ಒಬ್ಬನೇ ಕೂತೆ. ರುಚಿ ನೋಡುವವರು ಬಳಸುವ, ಬಾಯಿ ಕಿರಿದಾದ ತುಲಿಪ್ ಹೂವಿನಾಕಾರದ ಗ್ಲಾಸು. ಪಕ್ಕದಲ್ಲಿ ಒಂದು ಲೋಟ ನೀರು, ಒಂದು ಚಮಚ. ಕೈಯಲ್ಲಿ ಕಂಪನಿಯವರ ಟಿಪ್ಪಣಿ: ವೆನಿಲ್ಲಾ, ಪೀಚ್, ಕಿತ್ತಳೆ, ಜೇನು. ಪೀಚ್ ಹಣ್ಣನ್ನು ನಾನು ಅಂಗಡಿಯಲ್ಲಿ ಕೊಂಡು ತಿಂದದ್ದೇ ಮೂವತ್ತು ದಾಟಿದ ಮೇಲೆ. ಅದರ ವಾಸನೆ ನನ್ನ ನೆನಪಿನ ಯಾವ ಮೂಲೆಯಲ್ಲೂ ಇಲ್ಲ. ಟಿಪ್ಪಣಿಯನ್ನು ಮಡಚಿಟ್ಟೆ.

ಇಲ್ಲಿ ಭಾಷೆಯ ತೊಡಕೂ ಇದೆ. ಕುಡಿತದ ಬಗ್ಗೆ ಕನ್ನಡದಲ್ಲಿ ಮಾತಿಗೇನೂ ಬರವಿಲ್ಲ. ಏರಿತು, ಇಳಿಯಿತು, ತಲೆಗೆ ಹತ್ತಿತು, ತೂರಾಡಿದ, ಕುಡಿದು ಹಾಳಾದ. ಎಲ್ಲವೂ ಗಂಟಲು ದಾಟಿದ ಮೇಲಿನ ಕಥೆ. ನಾಲಗೆಯ ಮೇಲೆ ಇರುವಷ್ಟು ಹೊತ್ತು ಏನಾಗುತ್ತದೆ ಎಂದು ಹೇಳುವ ಒಂದು ಶಬ್ದವೂ ಅದರಲ್ಲಿಲ್ಲ. ಆದರೆ ಮೂಸುವ ವಿದ್ಯೆಯೇ ನಮಗೆ ಹೊಸತು ಎಂದರೆ ಅದು ಸುಳ್ಳು. ನಮ್ಮಪ್ಪ ಉಪ್ಪಿನಕಾಯಿಗೆ ಅಪ್ಪೆಮಿಡಿ ಆರಿಸುವಾಗ ಮಿಡಿಯ ತೊಟ್ಟು ಮುರಿದು, ಸೊನೆಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದ. ‘ಇದು ಜೀರಿಗೆ’, ‘ಇದು ಕರ್ಪೂರ’, ‘ಇದಕ್ಕೆ ಪರಿಮಳ ಸಾಲದು’. ಒಂದೇ ಹೊಳೆದಂಡೆಯ ಎರಡು ಮರಗಳ ವ್ಯತ್ಯಾಸವನ್ನು ಸೊನೆಯಲ್ಲೇ ಹೇಳುತ್ತಿದ್ದ. ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟದ ಅಪ್ಪ, ನಾನು ಆಮೇಲೆ ಕಂಡ ಎಷ್ಟೋ ವಿಸ್ಕಿ ಪಂಡಿತರಿಗಿಂತ ಒಳ್ಳೆಯ ಮೂಗಿನವನು. ಸರಿ, ಅಪ್ಪನ ಹಾಗೇ ಮೂಸೋಣ ಎಂದು ಕಣ್ಣು ಮುಚ್ಚಿದೆ.

ಮೊದಲು ಬಂದದ್ದು ಹುಳಿ ಹಣ್ಣಿನ ಸಿಪ್ಪೆ. ಕಿತ್ತಳೆಗಿಂತ ಹೆಚ್ಚಾಗಿ ಕಂಚಿಕಾಯಿ. ಉಗುರು ತಾಗಿದಾಗ ಸಿಪ್ಪೆಯಿಂದ ಚಿಮ್ಮುವ ಎಣ್ಣೆಯಂಥದ್ದು. ಅದು ಸರಿದ ಮೇಲೆ ಒಂದು ಹಣ್ಣು, ಹೂವಿನ ವಾಸನೆಯ ಹಣ್ಣು. ಹೆಸರು ಹೊಳೆಯಲು ಐದು ನಿಮಿಷ ಹಿಡಿಯಿತು: ಪನ್ನೇರಳೆ. ಕಚ್ಚಿದರೆ ನೀರು, ಮೂಸಿದರೆ ಗುಲಾಬಿ. ಅವರು ಪೀಚ್ ಅಂದದ್ದು ಇದನ್ನೇ ಇರಬೇಕು. ಅವರ ಹಿತ್ತಲಿನಲ್ಲಿ ಪನ್ನೇರಳೆ ಇಲ್ಲ, ನಮ್ಮ ಹಿತ್ತಲಿನಲ್ಲಿ ಪೀಚ್ ಇಲ್ಲ. ಒಂದು ಗುಟುಕಿಗಿಂತ ಕಡಿಮೆ ಬಾಯಿಗೆ ಹಾಕಿ ಸುಮ್ಮನೆ ಇಟ್ಟುಕೊಂಡೆ. ಮೊದಲು ಉರಿ, ಅದು ಇಳಿಯುವಾಗ ತುಡುವೆ ಜೇನಿನ ತೆಳು ಸಿಹಿ, ಅದರ ಬೆನ್ನಿಗೇ ಒಣಕೊಬ್ಬರಿ. ಕೊನೆಗೆ ನಾಲಗೆಯ ಅಂಚಿನಲ್ಲಿ ಎಳೆ ಅಡಿಕೆಯಷ್ಟು ಒಗರು.

ಆಮೇಲೆ ಚಮಚದಲ್ಲಿ ನೀರು ಹಾಕಿದೆ. ನೀರು ಬೆರೆಸಿದರೆ ವಿಸ್ಕಿ ಕೆಡುತ್ತದೆ ಎನ್ನುವವರಿದ್ದಾರೆ. ಆದರೆ ವಿಸ್ಕಿಗಳನ್ನು ಹದವಾಗಿ ಬೆರೆಸುವುದೇ ವೃತ್ತಿಯಾದವರು, ಅದನ್ನು ಸುಮಾರು 20 ಪ್ರತಿಶತಕ್ಕೆ ತೆಳುಮಾಡಿಯೇ ಮೂಸುವುದು ವಾಡಿಕೆ. ಉರಿ ಕಡಿಮೆಯಾದರೆ ಅದರ ಹಿಂದಿದ್ದವರು ಮುಂದೆ ಬರುತ್ತಾರೆ. ಹಾಗೆ ಮುಂದೆ ಬಂದದ್ದು ವೆನಿಲ್ಲಾ.

ಓದುವವರಲ್ಲಿ ಹೆಚ್ಚಿನವರಿಗೆ ವೆನಿಲ್ಲಾ ಎಂದರೆ ಐಸ್‌ಕ್ರೀಮು. ನನಗೆ ಅದು ಅಟ್ಟದ ಮೇಲಿನ ಕಂಬಳಿಯ ವಾಸನೆ.

ಎರಡು ಸಾವಿರದ ಇಸವಿಯ ಆಚೀಚೆ ಮಲೆನಾಡಿನಲ್ಲಿ ವೆನಿಲ್ಲಾದ ಗಾಳಿ ಬೀಸಿತ್ತು. 2000ದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತ ಬಡಿದು ಅಲ್ಲಿಯ ಬೆಳೆ ನೆಲಕಚ್ಚಿತು. ಜಗತ್ತಿಗೆ ವೆನಿಲ್ಲಾ ಸಾಲದೆ ಬೆಲೆ ಏರುತ್ತಾ ಹೋಯಿತು. ಹಸಿ ಬೀನ್ಸ್ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಅಪ್ಪ ಅಡಿಕೆ ತೋಟದ ಅಂಚಿನಲ್ಲಿ ಗ್ಲಿರಿಸಿಡಿಯಾ ಗೂಟ ನೆಟ್ಟು ಬಳ್ಳಿ ಹಬ್ಬಿಸಿದ. ವೆನಿಲ್ಲಾ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಪರಾಗಸ್ಪರ್ಶ ಮಾಡಿಸುವ ದುಂಬಿ ನಮ್ಮ ಕಡೆ ಇಲ್ಲ. ಹೂವಿನೊಳಗಿನ ಸಣ್ಣ ಪರದೆಯನ್ನು ಕಡ್ಡಿಯಿಂದ ಎತ್ತಿ, ಪರಾಗವನ್ನು ಬೆರಳಿನಿಂದ ಒತ್ತಬೇಕು. ಒಂದೊಂದು ಹೂವಿಗೂ ಒಂದೊಂದು ಸಲ. ಆಯಿ, ಅಪ್ಪ, ರಜೆಯಿದ್ದರೆ ನಾನು, ಜೊತೆಗೆ ಕೆಲಸಕ್ಕೆ ಬರುತ್ತಿದ್ದ ಒಬ್ಬಳು ಅಕ್ಕ. ನಮ್ಮೆಲ್ಲರಿಗಿಂತ ಅವಳ ಕೈ ಚುರುಕು. ಅವಳು ಮುಟ್ಟಿದ ಹೂವು ಕಾಯಿ ಕಚ್ಚದೆ ಉದುರಿದ್ದೇ ಇಲ್ಲ ಎಂದು ಆಯಿ ಹೇಳುತ್ತಿದ್ದಳು.

ಎಂಟೊಂಬತ್ತು ತಿಂಗಳಿಗೆ ಕೋಡು ಬಲಿಯುತ್ತದೆ. ಹಸಿ ಕೋಡಿಗೆ ಪರಿಮಳವೇ ಇಲ್ಲ. ಅದನ್ನು ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಒಂದೆರಡು ತಾಸು ಬಿಸಿಲಿಗೆ ಹಾಕಿ ಮತ್ತೆ ಸುತ್ತಿ, ವಾರಗಟ್ಟಲೆ ಹೀಗೆ ಮಾಡಿದರೆ ಕಪ್ಪಾಗಿ, ಮೆತ್ತಗಾಗಿ, ಪರಿಮಳ ಹುಟ್ಟುತ್ತದೆ. ಅಪ್ಪ ರಾತ್ರಿ ಎದ್ದು ಟಾರ್ಚು ಹಿಡಿದು ಅಟ್ಟ ಹತ್ತಿ ಕಂಬಳಿ ಬಿಚ್ಚಿ ಮೂಸಿ ಬರುತ್ತಿದ್ದ. ಇಡೀ ಮನೆ ಸಿಹಿಯಾಗಿತ್ತು. ಹೊಸ ಮಾಡು, ನನ್ನ ಇಂಜಿನಿಯರಿಂಗು, ಆಯಿಗೆ ಎರಡು ಬಳೆ, ಎಲ್ಲ ಲೆಕ್ಕವೂ ಆ ಕಂಬಳಿಯೊಳಗಿತ್ತು.

2004ರಲ್ಲಿ ಬೆಲೆ ಬಿತ್ತು. ಮಡಗಾಸ್ಕರ್ ಚೇತರಿಸಿಕೊಂಡಿತ್ತು. ಅಷ್ಟರಲ್ಲಿ ದುಬಾರಿ ವೆನಿಲ್ಲಾದಿಂದ ಬೇಸತ್ತಿದ್ದ ಆಹಾರ ಕಂಪನಿಗಳು ಕಾರ್ಖಾನೆಯಲ್ಲಿ ತಯಾರಾಗುವ ವೆನಿಲಿನ್ ಕಡೆ ಹೊರಳಿದ್ದವು. ಮರು ವರ್ಷ ಬಳ್ಳಿಗೆ ಬುಡ ಕೊಳೆಯುವ ರೋಗವೂ ಬಂತು. ಕೇಳುವವರಿಲ್ಲದ ಒಂದು ತಗಡಿನ ಡಬ್ಬಿಯಷ್ಟು ಬೀನ್ಸನ್ನು ಅಪ್ಪ ಎಸೆಯಲೂ ಇಲ್ಲ, ಮಾರಲೂ ಇಲ್ಲ. ನಾನು ಸಾಲ ಮಾಡಿ ಓದಿದೆ.

ಈಗ ಗ್ಲಾಸಿನಲ್ಲಿದ್ದದ್ದು ಅದೇ ಡಬ್ಬಿಯ ವಾಸನೆ. ಹೋಲಿಕೆಗೆ ಹೇಳುತ್ತಿಲ್ಲ, ವಸ್ತುವೇ ಅದು. ಓಕ್ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶವಿದೆ. ಪೀಪಾಯಿಯ ಒಳಮೈ ಸುಡುವಾಗ ಇದ್ದಿಲಿನ ಪದರದ ಕೆಳಗೆ ಅದು ಬಿಸಿಗೆ ಒಡೆದು ವೆನಿಲಿನ್ ಆಗುತ್ತದೆ. ವೆನಿಲ್ಲಾ ಕೋಡಿಗೆ ಪರಿಮಳ ಕೊಡುವ ಮುಖ್ಯ ವಸ್ತುವೂ ವೆನಿಲಿನ್ನೇ. ಕೊಬ್ಬರಿಯ ವಾಸನೆಯೂ ಮರದ್ದೇ, ಅಮೆರಿಕದ ಬಿಳಿ ಓಕ್‌ನಲ್ಲಿ ಧಾರಾಳವಾಗಿರುವ ಲ್ಯಾಕ್ಟೋನ್‌ನಿಂದ ಬರುವುದು. ನಾವು ನಾಲ್ಕು ಜನ ಹೂವು ಹೂವಿಗೂ ಕಡ್ಡಿ ಹಿಡಿದು ಪಡೆದದ್ದನ್ನು ಮರ ಒಂದು ನಿಮಿಷದ ಬೆಂಕಿಗೆ ಕೊಟ್ಟುಬಿಡುತ್ತದೆ. ಒಂದು ಕ್ಷಣ ನನಗೆ ನಿಜವಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಮರದ ಮೇಲೆ ಸಿಟ್ಟಾಗುವುದು ಹೇಗೆ?

ಆ ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಅಡಿಕೆ ರೇಟು, ಮಂಗನ ಕಾಟ ಎಲ್ಲ ಮುಗಿದ ಮೇಲೆ, ‘ಅಪ್ಪಾ, ಇಲ್ಲಿ ಒಂದು ಮರ ಇದೆ, ಸುಟ್ಟರೆ ವೆನಿಲ್ಲಾ ಪರಿಮಳ ಬರ್ತದೆ’ ಎಂದೆ.

‘ಯಾವ ಮರ?’

‘ಓಕ್ ಅಂತ. ಪೀಪಾಯಿ ಮಾಡ್ತಾರೆ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಪೀಪಾಯಿಗೆ ಏನು ತುಂಬ್ತಾರೆ ಅಂತ ನಂಗೆ ಗೊತ್ತಿಲ್ಲ ಅಂದ್ಕಂಡ್ಯ ತಮಾ?’ ಎಂದ. ನಾನು ಉಸಿರೆತ್ತಲಿಲ್ಲ. ಆಮೇಲೆ ಅವನೇ ಕೇಳಿದ, ‘ಎಷ್ಟು ವರ್ಷ ಇಡ್ತಾರೆ?’

‘ಹತ್ತು.’

‘ಹತ್ತು ವರ್ಷ ಮಾರದೇ ಇಟ್ಕಂಡು ಕೂರುಕೆ ಅವ್ರ ಹತ್ರ ದುಡ್ಡಿರ್ತದೆ’ ಎಂದ.

ಅಪ್ಪ ವಿಸ್ಕಿಯ ಬಗ್ಗೆ ಹೇಳಿದ ಒಂದೇ ಮಾತು ಅದು. ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸರಿಯಾದ ಮಾತಿಲ್ಲ. ಸ್ಕಾಟ್ಲೆಂಡಿನ ತಂಪು ಗೋದಾಮಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಪ್ರತಿಶತ ಆವಿಯಾಗಿ ಹೋಗುತ್ತದೆ. ದೇವತೆಗಳ ಪಾಲು ಎನ್ನುತ್ತಾರೆ ಅದಕ್ಕೆ. ಬೆಂಗಳೂರಿನಲ್ಲಿ ಅಮೃತ್ ಕಂಪನಿಯವರೂ ಇಂಥವೇ ಬರ್ಬನ್ ಪೀಪಾಯಿಗಳಲ್ಲಿ ಮಾಲ್ಟ್ ಇಡುತ್ತಾರೆ. ಅಲ್ಲಿಯ ಬಿಸಿಲಿಗೆ ದೇವತೆಗಳು ವರ್ಷಕ್ಕೆ 10 ಪ್ರತಿಶತಕ್ಕೂ ಹೆಚ್ಚು ಕುಡಿದುಬಿಡುತ್ತಾರೆ. ಹತ್ತು ವರ್ಷ ಕಾದರೆ ಮೂರನೇ ಒಂದರಷ್ಟು ಉಳಿದರೆ ಪುಣ್ಯ. ಅದಕ್ಕೆ ಅವರು ನಾಲ್ಕೈದು ವರ್ಷಕ್ಕೇ ಇಳಿಸುತ್ತಾರೆ. ಆ ವಿಸ್ಕಿಯನ್ನು ಅವರು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ, 2004ರ ಆಗಸ್ಟ್‌ನಲ್ಲಿ. ಅಪ್ಪನ ಡಬ್ಬಿ ಅಟ್ಟ ಸೇರಿದ ಅದೇ ವರ್ಷ. ಮರದ ವೆನಿಲಿನ್ನಿಗೆ ಬೆಂಗಳೂರು ದಾರಿ ಕಂಡುಕೊಂಡಿತ್ತು. ಬಳ್ಳಿಯ ವೆನಿಲಿನ್ನಿಗೆ ನಮ್ಮೂರಲ್ಲಿ ದಾರಿ ಇರಲಿಲ್ಲ. ಕಾಯುವುದಕ್ಕೂ ಬಂಡವಾಳ ಬೇಕು, ತಂಪೂ ಬೇಕು.

ಇನ್ನೊಂದು ಮಾತನ್ನು ಹೇಳದೆ ಮುಗಿಸಿದರೆ ಇದು ಪೂರ್ತಿಯಾಗುವುದಿಲ್ಲ. ಹೂವಿಗೆ ಕಡ್ಡಿ ಹಿಡಿಯುತ್ತಿದ್ದ ಆ ಅಕ್ಕನ ಗಂಡ ಸಾರಾಯಿಗೆ ಬಿದ್ದವನು. ಅವಳ ಬೆಳಗಿನ ಕೂಲಿ ಸಂಜೆಯ ಪ್ಯಾಕೆಟ್ಟಾಗುತ್ತಿತ್ತು. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅವನು ನಿಲ್ಲಲಿಲ್ಲ, ಬೇರೆ ಬಾಟಲಿಗೆ ಹೋದ. ಅವನಿಗೆ ಅದರ ವಾಸನೆ, ರುಚಿ ಬೇಕಾಗಿರಲಿಲ್ಲ. ಮೂಗು ಹಿಡಿದೇ ಕುಡಿಯುತ್ತಿದ್ದ. ಪನ್ನೇರಳೆ, ಕಂಚಿಕಾಯಿ ಎಂದೆಲ್ಲ ಬರೆಯುವಾಗ ಆ ಅಕ್ಕ ಇದನ್ನು ಓದಿದರೆ ಏನು ಅಂದಾಳು ಎಂದು ಯೋಚಿಸುತ್ತೇನೆ. ಕನ್ನಡದಲ್ಲಿ ಮದ್ಯಕ್ಕೆ ನಾಲಗೆಯ ಮಾತು ಹುಟ್ಟದೆ ಇದ್ದುದಕ್ಕೆ ಅವಳಂಥವರ ಬದುಕೂ ಒಂದು ಕಾರಣ. ಒಂದು ಸಣ್ಣ ಗ್ಲಾಸನ್ನು ಒಂದು ಗಂಟೆ ಹಿಡಿದು ಕೂರುವುದು ಹೊಟ್ಟೆ ತುಂಬಿದವರಿಂದ, ಮನಸ್ಸು ಹರಕಾಗದವರಿಂದ ಮಾತ್ರ ಸಾಧ್ಯ. ನನಗದು ಸಾಧ್ಯವಾದದ್ದು ನನ್ನ ಗುಣದಿಂದಲ್ಲ ಎಂದು ಗೊತ್ತಿದೆ. ಹಾಗಾಗಿ ಯಾರಿಗೂ ಕುಡಿಯಿರಿ ಎಂದು ನಾನು ಹೇಳಲಾರೆ. ಮೂಸಿ ನೋಡುವುದನ್ನು ಮಾತ್ರ ಹೇಳಬಲ್ಲೆ. ಅದು ಮಾವಿನ ಮಿಡಿಯಾದರೂ ಸರಿ.

ಅಭ್ಯಾಸವಿದ್ದವರು ಹೇಳುವ ಒಂದು ಕ್ರಮವಿದೆ. ವಿಸ್ಕಿ ಮುಗಿದ ಗ್ಲಾಸನ್ನು ತೊಳೆಯದೆ ರಾತ್ರಿಯಿಡೀ ಹಾಗೇ ಬಿಡುವುದು. ಬೆಳಿಗ್ಗೆ ಎದ್ದು ನೋಡಿದರೆ ಗ್ಲಾಸು ಒಣಗಿರುತ್ತದೆ. ಮದ್ಯವೆಲ್ಲ ಆರಿಹೋಗಿರುತ್ತದೆ, ಹಣ್ಣು ಹೂವುಗಳೂ ಹೋಗಿರುತ್ತವೆ. ಉಳಿಯುವುದು ಮರ ಕೊಟ್ಟದ್ದು ಮಾತ್ರ: ಸ್ವಲ್ಪ ವೆನಿಲ್ಲಾ, ಸ್ವಲ್ಪ ಇದ್ದಿಲು, ಒಣಗಿದ ಕೊಬ್ಬರಿ. ಅಮಲಿನ ಹಂಗಿಲ್ಲದ ಆ ವಾಸನೆಯನ್ನು ಅಪ್ಪನ ಕೈಗೂ ಕೊಡಬಹುದು. ಊರಿಗೆ ಹೋಗುವಾಗ ಅಂಥ ಒಂದು ಗ್ಲಾಸನ್ನು ಬಟ್ಟೆಯಲ್ಲಿ ಸುತ್ತಿ ಒಯ್ದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ಅವನು ಕಣ್ಣು ಮುಚ್ಚಿ ಮೂಸಿ, ಇದಕ್ಕೆ ಪರಿಮಳ ಸಾಲದು ಎಂದೇ ಹೇಳುತ್ತಾನೆ.